ಆರೋಗ್ಯ ಚಿಂತನ: ಕಿತ್ತ ಹಲ್ಲು, ಬೆಳೆಯುವ ಎಲುಬು

ಮಕ್ಕಳ ಹಾಲುಹಲ್ಲು ಬಿದ್ದೊಡನೆ ಅದನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆಸೆಯುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಉಂಟು. ಹಿರಿಯರ ಹಲ್ಲಿಗಾದರೋ ಅಷ್ಟು ಮರ್ಯಾದೆಯೂ ಇಲ್ಲ. ವೈದ್ಯರು ಕಿತ್ತರೆಂದರೆ ಅದು ಕಸದ ಪಾಲು. ಹೀಗೆ ನಿರುಪಯುಕ್ತವೆಂದು ನಾವು ಬಗೆದ ಹಲ್ಲಿನಲ್ಲಿ ಎಲುಬನ್ನು ಬೆಳೆಸುವ ಶಕ್ತಿ ಅಡಗಿದೆ ಎಂಬ ಸಂಗತಿಯನ್ನು ಈ ಸಲ ಅರಿಯೋಣ.

ಈ ಮಾತು ನಮ್ಮ ಮನೆಗಳಿಗೆ ದೂರದ್ದಲ್ಲ. ಹತ್ತಿಮತ್ತೂರು, ಸವಣೂರು, ಹಾನಗಲ್ಲ ಭಾಗಗಳಲ್ಲಿ ಎಲೆ-ಅಡಿಕೆಯೊಡನೆ ತಂಬಾಕು ಸೇವಿಸುವ ಹಿರಿಯರು ಅನೇಕರಿದ್ದಾರೆ. ತಂಬಾಕು ವಸಡಿನ ರೋಗವನ್ನು ಉಲ್ಬಣಗೊಳಿಸುತ್ತದೆ. ಆ ರೋಗದಲ್ಲಿ ಹಲ್ಲಿನ ಬೇರನ್ನು ಹಿಡಿದಿರುವ ದವಡೆಯ ಎಲುಬು ಮೆಲ್ಲಮೆಲ್ಲನೆ ಕರಗಿ, ಹುಳುಕಿಲ್ಲದ ಹಲ್ಲೂ ಅಲುಗಾಡತೊಡಗುತ್ತದೆ. ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಆರಂಭವಾದ ಎಸ್.ಡಿ.ಎಂ. ದಂತ ಮಹಾವಿದ್ಯಾಲಯವಾಗಲಿ, ದಾವಣಗೆರೆಯ 1979ರ ಬಾಪೂಜಿ ದಂತ ಮಹಾವಿದ್ಯಾಲಯವಾಗಲಿ, ವಸಡಿನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವನ್ನೇ ಹೊಂದಿವೆ. ಇಂತಹ ರೋಗಿಗೆ ವೈದ್ಯರು ಕೆಲವೊಮ್ಮೆ, "ಕರಗಿದ ಎಲುಬಿನ ಜಾಗದಲ್ಲಿ ಪುಡಿ ತುಂಬಬೇಕು" ಎನ್ನುವುದುಂಟು. ಆ ಪುಡಿ ಯಾವುದು? ಅದು ಹೇಗೆ ಎಲುಬಾಗುತ್ತದೆ?

ಹಲ್ಲು ಮತ್ತು ಎಲುಬು ಒಂದೇ ಮನೆತನದವು. ಹಲ್ಲಿನ ಬಿಳಿಯ ಹೊರಕವಚವಾದ ಎನಾಮೆಲ್‌ನ ಒಳಗೆ ಡೆಂಟಿನ್ ಎಂಬ ಭಾಗವಿದೆ. ಅದರ ತೂಕದಲ್ಲಿ ಸುಮಾರು 70 ಪಾಲು ಖನಿಜ. ಎಲುಬಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಎರಡರಲ್ಲಿಯೂ ಇರುವುದು ಕ್ಯಾಲ್ಸಿಯಂ ಮತ್ತು ಫಾಸ್ಫೇಟು ಸೇರಿದ ಒಂದೇ ಬಗೆಯ ಲವಣ, ಕೊಲ್ಯಾಜೆನ್ ಎಂಬ ಒಂದೇ ಬಗೆಯ ಎಳೆ. ಈ ಲವಣದ ಅಂಶಗಳು ನಮ್ಮ ರಕ್ತದಲ್ಲಿ ಸದಾ ಹರಿಯುತ್ತಿದ್ದರೂ ಮೈಯೆಲ್ಲ ಕಲ್ಲಾಗುವುದಿಲ್ಲ. ಎಲ್ಲಿ ಗಟ್ಟಿಯಾಗಬೇಕೆಂಬುದನ್ನು ನಿರ್ಣಯಿಸುವುದರಲ್ಲಿ ಕೆಲವು ಪ್ರೋಟೀನುಗಳ ಪಾತ್ರ ಹಿರಿದು. ಕೂರಿಗೆಯು ಬೀಜವನ್ನು ಸಾಲುಹಿಡಿದು ಇಳಿಸುವಂತೆ ಅವು ಖನಿಜದ ಕಣಗಳನ್ನು ಎಳೆಯ ಉದ್ದಕ್ಕೂ ನೆಲೆಗೊಳಿಸುತ್ತವೆ.

ಅಂಥ ಒಂದು ಪ್ರೋಟೀನನ್ನು 1993ರಲ್ಲಿ ಅಮೆರಿಕದ ಆನ್ ಜಾರ್ಜ್, ಆರ್ಥರ್ ವೈಸ್ ಮತ್ತು ಸಂಗಡಿಗರು ಇಲಿಯ ಹಲ್ಲಿನ ಅಧ್ಯಯನದಿಂದ ಗುರುತಿಸಿದರು. ಡಿಎಂಪಿ-1 ಎಂಬುದು ಅದರ ಹೆಸರು. ಹಲ್ಲಿನದೆಂದು ಹೆಸರು ಪಡೆದ ಇದು ಎಲುಬಿನಲ್ಲಿಯೂ ಇರುವುದು ಬಳಿಕ ತಿಳಿದುಬಂದಿತು. ಇದರ ಜೀನಿನಲ್ಲಿ ಹುಟ್ಟಿನಿಂದಲೇ ದೋಷವಿದ್ದರೆ ಫಾಸ್ಫೇಟು ಮೂತ್ರದಲ್ಲಿ ಸೋರಿಹೋಗಿ ಎಲುಬು ಮೆತ್ತಗಾಗುವ ಒಂದು ಬಗೆಯ ರಿಕೆಟ್ಸ್ ರೋಗ ಬರುತ್ತದೆಂದು 2006ರಲ್ಲಿ ಸಿದ್ಧವಾಯಿತು. ಇದಕ್ಕೂ ಮೊದಲೇ, 1965ರಲ್ಲಿ ಮಾರ್ಷಲ್ ಯೂರಿಸ್ಟ್ ಎಂಬ ಅಮೆರಿಕದ ವೈದ್ಯರು ಖನಿಜ ತೆಗೆದ ಎಲುಬನ್ನು ಪ್ರಾಣಿಗಳ ಸ್ನಾಯುವಿನಲ್ಲಿಟ್ಟಾಗ ಅಲ್ಲಿ ಹೊಸ ಎಲುಬು ಹುಟ್ಟುವುದನ್ನು ತೋರಿಸಿದ್ದರು. ಡೆಂಟಿನ್‌ಗೂ ಆ ಗುಣವಿದೆಯೆಂಬುದು ಮುಂದಿನ ಕೆಲವೇ ವರ್ಷಗಳಲ್ಲಿ ಸ್ಪಷ್ಟವಾಯಿತು.

ಈ ಅರಿವು ಚಿಕಿತ್ಸೆಗೆ ಎರಡು ದಾರಿಗಳಿಂದ ಬಂದಿದೆ. ಮೊದಲನೆಯದು, ಸ್ವೀಡನ್ನಿನಲ್ಲಿ ರೂಪುಗೊಂಡು 1990ರ ದಶಕದಿಂದ ಬಳಕೆಯಲ್ಲಿರುವ ಎನಾಮೆಲ್ ಪ್ರೋಟೀನಿನ ಲೇಪ. ಬೇರಿನ ಪಕ್ಕದಲ್ಲಿ ಎಲುಬು ಕರಗಿ ಉಂಟಾದ ಇಕ್ಕಟ್ಟಾದ ಕುಳಿಗಳಲ್ಲಿ ಇದು ಫಲಕಾರಿ. ಆದರೆ ಇದನ್ನು ತೆಗೆಯುವುದು ಹಂದಿಮರಿಗಳ ಬೆಳೆಯುತ್ತಿರುವ ಹಲ್ಲಿನಿಂದ. ಕುಳಿಗೆ ತುಂಬುವ ಪುಡಿಗಳಲ್ಲಿಯೂ ದನದ ಎಲುಬಿನಿಂದ ಮಾಡಿದವು ಇವೆ. ಮಾಂಸಾಹಾರವನ್ನು ವರ್ಜಿಸಿದ ನಮ್ಮ ಮನೆತನಗಳವರು ಇದನ್ನು ಚಿಕಿತ್ಸೆಗೆ ಮುಂಚೆಯೇ ತಿಳಿದಿರಬೇಕಲ್ಲದೆ, ಮುಗಿದ ಮೇಲೆ ಕೇಳಿ ಮನಸ್ಸು ಕಹಿ ಮಾಡಿಕೊಳ್ಳಬಾರದು. "ಇದು ಯಾವುದರಿಂದ ಮಾಡಿದ್ದು, ಡಾಕ್ಟರೇ?" ಎಂದು ಕೇಳುವುದು ಅವಿನಯವಲ್ಲ. ಪ್ರಾಣಿಮೂಲವಿಲ್ಲದ, ಕಾರ್ಖಾನೆಯಲ್ಲಿಯೇ ತಯಾರಿಸಿದ ಕ್ಯಾಲ್ಸಿಯಂ ಫಾಸ್ಫೇಟಿನ ಪುಡಿಗಳೂ ಇವೆ. ನಿಮಗೆ ಯಾವುದು ಹೊಂದುವುದೆಂದು ವೈದ್ಯರೇ ಹೇಳಬಲ್ಲರು.

ಎರಡನೆಯ ದಾರಿ ರೋಗಿಯ ಸ್ವಂತ ಹಲ್ಲು. ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಈ ಶತಮಾನದ ಮೊದಲ ದಶಕದಿಂದ ಈ ಕ್ರಮ ಬೆಳೆದುಬಂದಿತು. ಹೇಗೂ ಕೀಳಲೇಬೇಕಾದ ಹಲ್ಲನ್ನು ಶುಚಿಗೊಳಿಸಿ, ಹುಳುಕನ್ನು ಕೆರೆದು, ಪುಡಿಮಾಡಿ, ಆಮ್ಲದಿಂದ ಖನಿಜವನ್ನು ಕಡಿಮೆ ಮಾಡಿ, ಅದೇ ರೋಗಿಯ ದವಡೆಯಲ್ಲಿ ತುಂಬುತ್ತಾರೆ. ಖನಿಜ ಸರಿದಾಗ ಒಳಗಿನ ಪ್ರೋಟೀನುಗಳು ತೆರೆದುಕೊಳ್ಳುತ್ತವೆ; ಕೆಲವು ತಿಂಗಳುಗಳಲ್ಲಿ ಹೊಸ ಎಲುಬು ಆ ಜಾಗಕ್ಕೆ ಹಬ್ಬುತ್ತದೆ. ಪರರ ವಸ್ತುವಿಲ್ಲ, ಸಂಕೋಚವೂ ಇಲ್ಲ. ಆದರೆ ಇದಕ್ಕೆ ತಕ್ಕ ಸಲಕರಣೆ, ತರಬೇತಿ ಎರಡೂ ಬೇಕು. ಮನೆಯ ಡಬ್ಬಿಯಲ್ಲಿ ವರ್ಷಗಟ್ಟಲೆ ಕಾಪಿಟ್ಟ ಹಲ್ಲನ್ನು ಕೊಂಡೊಯ್ದರೆ ಪ್ರಯೋಜನವಿಲ್ಲ.

ಇನ್ನೊಂದು ಎಚ್ಚರಿಕೆ. ಮುರಿದ ಕಾಲು, ಸವೆದ ಸೊಂಟದ ಎಲುಬುಗಳನ್ನು ಹಲ್ಲಿನ ಪ್ರೋಟೀನಿನಿಂದ ಕೂಡಿಸುವ ಯತ್ನಗಳು ಇನ್ನೂ ಪ್ರಯೋಗಶಾಲೆಯ ಮಟ್ಟದಲ್ಲಿವೆ. ಅಂಥ ಔಷಧಿ ಸಿದ್ಧವಿದೆಯೆಂದು ಯಾರಾದರೂ ಹಣ ಕೇಳಿದರೆ ನಂಬಬೇಡಿ.

ಕರಗಿದ ಎಲುಬನ್ನು ಮರಳಿ ಬೆಳೆಸುವುದು ಕಷ್ಟದ, ಖರ್ಚಿನ ಕೆಲಸ. ಇದ್ದುದನ್ನು ಉಳಿಸಿಕೊಳ್ಳುವುದು ಸುಲಭ. ತಂಬಾಕು ಬಿಡಿ. ದಿನಕ್ಕೆರಡು ಸಲ ಹಲ್ಲುಜ್ಜಿ. ಉಜ್ಜುವಾಗ ವಸಡಿನಿಂದ ರಕ್ತ ಬಂದರೆ, ಹಲ್ಲು ಅಲುಗುವವರೆಗೆ ಕಾಯದೆ ದಂತವೈದ್ಯರನ್ನು ಕಾಣಿರಿ.