ಸಿಮೆಂಟ್ ಬೆರೆಸಿದ ಮಣ್ಣಿನ ರಸ್ತೆಗಳ ಬಾಳಿಕೆ ಕುರಿತ ಮನವಿ ಪತ್ರ

ಇವರಿಗೆ,
ಪ್ರಧಾನ ಕಾರ್ಯದರ್ಶಿಗಳು,
ಲೋಕೋಪಯೋಗಿ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಕಬ್ಬು ಸಾಗಣೆಯ ರಸ್ತೆಗಳಲ್ಲಿ ಸಿಮೆಂಟ್ ಬೆರೆತ ಮಣ್ಣಿನ ಪದರದ ವಿನ್ಯಾಸ ಮತ್ತು ಪರೀಕ್ಷೆ.

ಮಾನ್ಯರೇ,

ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಭಾಗದ ಎರೆಭೂಮಿಯಲ್ಲಿ ರಸ್ತೆ ಉಳಿಸಿಕೊಳ್ಳುವುದು ಕಷ್ಟವೆಂದು ತಾವು ಬಲ್ಲಿರಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿಗೆ ಸುಣ್ಣವನ್ನೋ ಸಿಮೆಂಟನ್ನೋ ಬೆರೆಸುವುದಕ್ಕೆ ನಮ್ಮ ವಿರೋಧವಿಲ್ಲ. ತಕರಾರಿರುವುದು ಅದರ ಗಟ್ಟಿತನವನ್ನು ಅಳೆಯುವ ಬಗೆಯಲ್ಲಿ.

ಏಳು ದಿನ ಹದಗೊಳಿಸಿದ ಅಚ್ಚನ್ನು ಯಂತ್ರದಲ್ಲಿ ಒಮ್ಮೆ ಒತ್ತಿ ಒಡೆದು, ಬಂದ ಅಂಕಿ ನೋಡಿ ಪದರವನ್ನು ಒಪ್ಪಿಕೊಳ್ಳುವುದು ರೂಢಿ. ರಸ್ತೆಯಾದರೋ ಒಂದೇ ಪೆಟ್ಟಿಗೆ ಒಡೆಯುವುದಿಲ್ಲ. ಬರಿ ಮಣ್ಣು ಗಾಲಿಯಡಿ ತಗ್ಗಿ ಜಾಡು ಬೀಳುತ್ತದೆ. ಸಿಮೆಂಟ್ ಬೆರೆತದ್ದು ಹಲಗೆಯಂತೆ ಬಾಗುತ್ತದೆ. ಪ್ರತಿ ಗಾಲಿ ದಾಟುವಾಗಲೂ ಅದರ ತಳ ಎಳೆತಕ್ಕೆ ಸಿಕ್ಕಿ, ಕಣ್ಣಿಗೆ ಕಾಣದ ಸೀಳು ಅಲ್ಲಿಂದ ಮೇಲೇರುತ್ತದೆ. ಡಾಂಬರಿನಲ್ಲಿ ಬಿರುಕು ಕಾಣುವ ಹೊತ್ತಿಗೆ ತಳ ಸತ್ತಿರುತ್ತದೆ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ:37-2018ರ ಸೂತ್ರವನ್ನೇ ಲೆಕ್ಕ ಹಾಕಿ ನೋಡಬಹುದು. ತಳದ ಎಳೆತ ಆ ಪದರ ಬಾಗಿ ಮುರಿಯುವ ಬಲದ ಅರ್ಧದಷ್ಟಿದ್ದರೆ, ಸುಮಾರು 5 ಲಕ್ಷ ಸಲ ಭಾರ ತಾಳುತ್ತದೆ. ಶೇ 60ಕ್ಕೆ ಏರಿದರೆ ಸುಮಾರು 32 ಸಾವಿರ ಸಲ. ಭಾರ ಶೇ 20 ಹೆಚ್ಚಾದದ್ದಕ್ಕೆ ಆಯುಷ್ಯ ಹದಿನಾರರಲ್ಲೊಂದು ಪಾಲು! ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿನ ಹೇರು ಎಷ್ಟೆಂದು ಯಾರೂ ಊಹಿಸಬೇಕಿಲ್ಲ. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಪ್ರತಿ ಗಾಡಿಯ ತೂಕವೂ ದಾಖಲಾಗುತ್ತದೆ.

ಆದ್ದರಿಂದ ಆ ದಾಖಲೆಗಳನ್ನು ತರಿಸಿಕೊಂಡೇ ಕಬ್ಬಿನ ದಾರಿಗಳ ವಿನ್ಯಾಸ ಮಾಡಬೇಕು. ಒತ್ತುಬಲದ ಜೊತೆಗೆ, ಆಯಾ ಊರಿನ ಮಣ್ಣಿನಿಂದಲೇ ತೊಲೆ ಎರೆದು ಮರುಕಳಿಸುವ ಭಾರಕ್ಕೆ ಅದರ ದಣಿವನ್ನು ಪರೀಕ್ಷಿಸಬೇಕು. ಭಾರತೀಯ ಮಾನಕ ಐಎಸ್ 4332ರ ನೆನೆಸಿ ಒಣಗಿಸುವ ಪರೀಕ್ಷೆಯನ್ನು ಎರೆಮಣ್ಣಿಗೆ ಕೈಬಿಡಕೂಡದು. ಪದರದಿಂದ ಕೋರ್ ತೆಗೆದು ದಪ್ಪವನ್ನು ಗ್ರಾಮ ಪಂಚಾಯಿತಿ ಸದಸ್ಯರ ಎದುರಿಗೇ ಅಳೆಯಬೇಕು. ದಪ್ಪದಲ್ಲಿ ಉಳಿಸಿ ಸಿಮೆಂಟ್ ಹೆಚ್ಚು ಸುರಿಯುವುದು ಪರಿಹಾರವಲ್ಲ, ಕುಗ್ಗುವಿಕೆಯ ಬಿರುಕುಗಳು ಅದರಿಂದಲೇ ಹೆಚ್ಚುತ್ತವೆ.

ಎಲ್ಲಕ್ಕಿಂತ ತುರ್ತಿನದು ಕಾಮಗಾರಿಯ ವೇಳೆ. ಹಸಿ ಪದರದ ಮೇಲೆ ಹೇರು ಗಾಡಿ ಬಿಟ್ಟರೆ ಮೊದಲ ವಾರದಲ್ಲೇ ಸೀಳು ಹುಟ್ಟುತ್ತದೆ. ಕಬ್ಬು ಅರೆಯುವ ಹಂಗಾಮಿಗೆ ಕನಿಷ್ಠ 28 ದಿನ ಮುಂಚೆ ಪದರದ ಕೆಲಸ ಮುಗಿಯಬೇಕೆಂಬ ಷರತ್ತನ್ನು ಟೆಂಡರಿನಲ್ಲೇ ಸೇರಿಸಿ, ಅಲ್ಲಿಯವರೆಗೆ ಬದಲಿ ದಾರಿ ಒದಗಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕೃಷ್ಣಾ–ಘಟಪ್ರಭಾ ತೀರದ ಕಬ್ಬು ಬೆಳೆಗಾರರು ಮತ್ತು ಟ್ರ್ಯಾಕ್ಟರ್ ಮಾಲೀಕರು