ಕಡಲಿಗೆ ಪಹಣಿಯುಂಟೆ?

ಸಮುದ್ರದ ನಡುವೆ ಗಾಳಿಯಂತ್ರಗಳನ್ನು ನಿಲ್ಲಿಸಿ ವಿದ್ಯುಚ್ಛಕ್ತಿಯನ್ನು ಪಡೆಯಬೇಕೆಂಬ ಕೇಂದ್ರ ಸರ್ಕಾರದ ಸಂಕಲ್ಪವು ಹೊಸದೇನೂ ಅಲ್ಲ. 2015ರ ಅಕ್ಟೋಬರಿನಲ್ಲಿ ಅದರ ನೀತಿಯು ಪ್ರಕಟವಾಯಿತು. 2023ರಲ್ಲಿ ಕಡಲ ತಳವನ್ನು ಗುತ್ತಿಗೆಗೆ ಕೊಡುವ ನಿಯಮಗಳು ಹೊರಬಿದ್ದವು. 2024ರ ಜೂನಿನಲ್ಲಿ ಗುಜರಾತು ಮತ್ತು ತಮಿಳುನಾಡುಗಳ ತೀರದಾಚೆ ತಲಾ 500 ಮೆಗಾವಾಟಿನ ಸ್ಥಾವರಗಳಿಗೂ, ಅವಕ್ಕೆ ಬೇಕಾದ ಬಂದರುಗಳ ಸುಧಾರಣೆಗೂ ಸೇರಿ 7,453 ಕೋಟಿ ರೂಪಾಯಿಗಳ ನೆರವಿಗೆ ಕೇಂದ್ರ ಮಂತ್ರಿಮಂಡಲವು ಒಪ್ಪಿಗೆಯಿತ್ತಿತು. ಈ ಮೊದಲ ಪಟ್ಟಿಯಲ್ಲಿ ಕರ್ನಾಟಕದ ಕರಾವಳಿಯಿಲ್ಲ. ಆದರೆ ಸರದಿ ಬಂದ ಮೇಲೆ ಎಚ್ಚರಗೊಳ್ಳುವುದಕ್ಕಿಂತ ಬರುವುದಕ್ಕೆ ಮೊದಲೇ ವಿಚಾರ ಮಾಡುವುದು ವಿವೇಕದ ಲಕ್ಷಣ.

ಕಡಲಿಗೂ ನಮಗೂ ಏನು ಸಂಬಂಧವೆಂದು ಹುಲಿಕುಂಟೆಯ ರೈತನು ಕೇಳಿದರೆ ಅದು ಸಹಜವೇ. ಕುಂಟೆ, ಕಟ್ಟೆ, ಕೆರೆಗಳ ಹೆಸರನ್ನೇ ಊರುಗಳಿಗೆ ಇಟ್ಟುಕೊಂಡು ಬಾಳಿದ ಸೀಮೆ ನಮ್ಮದು. ದೊಡ್ಡ ಕೆರೆ ಕಟ್ಟಿಸಿದವರು ಅದನ್ನೇ ಸಮುದ್ರವೆಂದು ಕರೆದು ತೃಪ್ತಿಪಟ್ಟರು. ಆದರೆ ಆ ಕುಂಟೆಗೂ ಆ ಕೆರೆಗೂ ನೀರನ್ನು ಹೊತ್ತು ತರುವುದು ಕಡಲ ಗಾಳಿಯಲ್ಲದೆ ಮತ್ತಾವುದು? ಮುಂಗಾರಿನ ಮೋಡವು ಅರಬ್ಬೀ ಸಮುದ್ರದಿಂದ ಎದ್ದು ಘಟ್ಟದ ಮೇಲೆ ಬಹುಪಾಲು ಸುರಿದು, ಸಿರಾ, ಪಾವಗಡಗಳಿಗೆ ಬರುವ ವೇಳೆಗೆ ಬರಿಗೈಯಾಗಿರುತ್ತದೆ. ಉಳಿದ ಆಸೆಯನ್ನು ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಹಿಂಗಾರು ಪೂರೈಸಬೇಕು. ಕಡಲೆಕಾಯಿ ಬಿತ್ತಿ ಆಕಾಶವನ್ನು ನೋಡುವವನು ಎರಡು ಸಮುದ್ರಗಳ ದಾಕ್ಷಿಣ್ಯದಲ್ಲಿ ಬದುಕುವವನೆಂದರೆ ಅತಿಶಯೋಕ್ತಿಯಲ್ಲ.

ಆ ಸಮುದ್ರಗಳ ಸ್ಥಿತಿ ಹಿಂದಿನಂತೆ ಉಳಿದಿಲ್ಲ. ಕೇಂದ್ರದ ಭೂವಿಜ್ಞಾನ ಸಚಿವಾಲಯದವರು 2020ರಲ್ಲಿ ಹೊರತಂದ ವರದಿಯ ಪ್ರಕಾರ, 1951ರಿಂದ 2015ರ ವರೆಗಿನ ಅವಧಿಯಲ್ಲಿ ಹಿಂದೂ ಮಹಾಸಾಗರದ ಉಷ್ಣವಲಯದ ಮೇಲುನೀರು ಸುಮಾರು ಒಂದು ಡಿಗ್ರಿ ಸೆಲ್ಸಿಯಸಿನಷ್ಟು ಕಾದಿದೆ. ಲೋಕದ ಸಮುದ್ರಗಳ ಸರಾಸರಿ ಏರಿಕೆಯು 0.7 ಡಿಗ್ರಿ ಮಾತ್ರ. ಅದೇ ಅವಧಿಯಲ್ಲಿ ದೇಶದ ಮುಂಗಾರು ಮಳೆಯು ಸುಮಾರು ಶೇಕಡಾ 6ರಷ್ಟು ಇಳಿಯಿತು. ಆ ಇಳಿಕೆ ಎದ್ದು ಕಂಡ ಪ್ರದೇಶಗಳಲ್ಲಿ ಪಶ್ಚಿಮ ಘಟ್ಟವೂ ಒಂದು. 2019ರ ಒಂದೇ ವರ್ಷದಲ್ಲಿ ಅರಬ್ಬೀ ಸಮುದ್ರದಲ್ಲಿ ಐದು ಚಂಡಮಾರುತಗಳೆದ್ದವು. 2021ರ ಮೇ ತಿಂಗಳಿನ ತೌಕ್ತೆಯು ನಮ್ಮ ಕರಾವಳಿಯ ಜಿಲ್ಲೆಗಳಲ್ಲಿ ಮನೆಮಠಗಳನ್ನು ಕೆಡವಿತು. ಬಡವರ ಮೀನೆಂದು ಹೆಸರಾದ ಭೂತಾಯಿಯು ನೆರೆಯ ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿಗೆ ಸಮೀಪವಾಗಿ ದೊರೆತದ್ದು, 2021ರಲ್ಲಿ ಮೂರೂವರೆ ಸಾವಿರ ಟನ್ನಿಗಿಂತಲೂ ಕಡಮೆಯಾಯಿತು. ಇದರಲ್ಲಿ ಅತಿಯಾದ ಬೇಟೆಯ ಪಾಲೂ ಇದೆ, ಬದಲಾದ ಕಡಲಿನ ಪಾಲೂ ಇದೆ.

ಆದುದರಿಂದ ಕಲ್ಲಿದ್ದಲ ಹೊಗೆಯನ್ನು ತಗ್ಗಿಸಿ ಗಾಳಿ ಬಿಸಿಲುಗಳಿಂದ ಶಕ್ತಿಯನ್ನು ಪಡೆಯುವ ಪ್ರಯತ್ನಕ್ಕೆ ನಮ್ಮ ಆಕ್ಷೇಪವಿಲ್ಲ, ಪೂರ್ಣ ಬೆಂಬಲವಿದೆ. ಮೋಡ ಕವಿದು ಬಿಸಿಲಯಂತ್ರ ಮಂಕಾಗುವ ಮುಂಗಾರಿನಲ್ಲಿಯೇ ಗಾಳಿಯು ಬಲವಾಗಿ ಬೀಸುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬಬಲ್ಲದು. ನಾವು ಕೇಳುವ ಪ್ರಶ್ನೆಯು ಬೇರೆ. ಯಂತ್ರವನ್ನು ನಿಲ್ಲಿಸುವ ಸ್ಥಳ ಯಾರದು? ಅಲ್ಲಿ ಇಂದು ಅನ್ನ ಕಾಣುತ್ತಿರುವವನ ಗತಿಯೇನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಗುಜರಾತಿಗೆ ಹೋಗಬೇಕಾಗಿಲ್ಲ; ಪಾವಗಡಕ್ಕೆ ಹೋದರೆ ಸಾಕು.

ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ ಹಬ್ಬಿರುವ ಸೌರಶಕ್ತಿ ಸ್ಥಾವರವು 2018ರ ಮಾರ್ಚಿನಲ್ಲಿ ಉದ್ಘಾಟನೆಗೊಂಡು, 2019ರ ಕೊನೆಯ ವೇಳೆಗೆ 2,050 ಮೆಗಾವಾಟಿನ ಪೂರ್ಣ ಸಾಮರ್ಥ್ಯವನ್ನು ಮುಟ್ಟಿತು. ಅಲ್ಲಿ ಸರ್ಕಾರವು ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಹೆಚ್ಚಳ ಎಂಬುದು ಕರಾರು. ಮಳೆಯನ್ನು ನಂಬಿ ಸಾಲದಲ್ಲಿ ಮುಳುಗುತ್ತಿದ್ದ ರೈತನಿಗೆ ಇದು ಬರದಲ್ಲಿಯೂ ಬತ್ತದ ಆದಾಯವಾಯಿತು. ಭೂಮಿಯ ಒಡೆತನವೂ ಕೈಬಿಡಲಿಲ್ಲ. ಯೋಜನೆಯ ಈ ಗುಣವನ್ನು ಒಪ್ಪದಿರುವುದು ಅನ್ಯಾಯವಾದೀತು.

ಆದರೆ ಬಾಡಿಗೆಯು ಬಂದದ್ದು ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು ಕಾಯಿ ಬಿಡಿಸುತ್ತಿದ್ದ ಕೂಲಿಯವಳ ಹೆಸರು ಯಾವ ಪಹಣಿಯಲ್ಲಿದೆ? ಸುಗ್ಗಿಯ ಮೇಲೆ ಆ ಬಯಲಿನಲ್ಲಿ ಕುರಿಯ ಹಿಂಡನ್ನು ಬಿಡುತ್ತಿದ್ದವನಿಗೆ ಯಾವ ದಾಖಲೆಯಿದೆ? ಅವರು ಆ ಭೂಮಿಯಿಂದ ಬದುಕಿದ್ದರು, ಆದರೆ ಆ ಭೂಮಿಯ ಒಡೆಯರಾಗಿರಲಿಲ್ಲ. ಬೇಲಿ ಬಿದ್ದ ದಿನ ಒಡೆಯನಿಗೆ ಗುತ್ತಿಗೆಯ ಹಣ ಬಂತು. ಇವರಲ್ಲಿ ಹಲವರಿಗೆ ಊರು ಬಿಡುವ ದಾರಿ ಮಾತ್ರ ಉಳಿಯಿತು. ಕಾಗದದಲ್ಲಿ ಕಾಣದವನು ಯೋಜನೆಯ ಲೆಕ್ಕದಲ್ಲಿಯೂ ಕಾಣುವುದಿಲ್ಲವೆಂಬುದೇ ಪಾವಗಡದ ಪಾಠ.

ಈಗ ಈ ಪಾಠವನ್ನು ಕಡಲಿಗೆ ಅನ್ವಯಿಸಿ ನೋಡೋಣ. ಕಡಲಿಗೆ ಪಹಣಿಯಿಲ್ಲ, ಸರ್ವೇ ನಂಬರಿಲ್ಲ. ಅಲ್ಲಿ ಬಲೆ ಬೀಸುವವರೆಲ್ಲರೂ ತಿರುಮಣಿಯ ಕುರಿಗಾಹಿಯ ಸ್ಥಿತಿಯಲ್ಲಿಯೇ ಇರುವವರು. ಯಂತ್ರದ ಕಂಬಗಳನ್ನು ಕಡಲ ತಳಕ್ಕೆ ಇಳಿಸಬೇಕು. ವಿದ್ಯುತ್ತನ್ನು ತರುವ ತಂತಿಯನ್ನು ತೀರದ ವರೆಗೆ ಹಾಸಬೇಕು. ಇಂಥ ಸ್ಥಾವರಗಳ ಸುತ್ತ 500 ಮೀಟರುಗಳ ವರೆಗೆ ರಕ್ಷಣಾವಲಯವನ್ನು ಮಾಡಲು ಅಂತರರಾಷ್ಟ್ರೀಯ ಕಾನೂನು ಅವಕಾಶ ಕೊಡುತ್ತದೆ. ಅಂಥ ವಲಯಗಳು ಸಾಲುಸಾಲಾಗಿ ಎದ್ದರೆ ದೋಣಿಗಳ ದಾರಿಯೂ ಬಲೆಯ ಸ್ಥಳವೂ ಕಿರಿದಾಗುತ್ತವೆ. ಆಗ ಗುತ್ತಿಗೆಯ ಹಣವು ಸರ್ಕಾರದ ಬೊಕ್ಕಸಕ್ಕೆ ಸೇರುವುದೇ ಹೊರತು, ಮಲ್ಪೆಯ ಅಥವಾ ಹೊನ್ನಾವರದ ಮೀನುಗಾರನ ಮನೆಗೆ ತಾನಾಗಿ ಬಾರದು.

ಕೇಳದೆ ಮಾಡಿದ ಬದಲಾವಣೆಯ ಫಲವನ್ನು ನಮ್ಮ ಕರಾವಳಿಯು ಹಿಂದೆಯೇ ಉಂಡಿದೆ. ಹಲವು ಮನೆಗಳವರು ಕೂಡಿ ಎಳೆದು, ಬಂದ ಮೀನನ್ನು ಪಾಲುಮಾಡಿಕೊಳ್ಳುತ್ತಿದ್ದ ರಂಪಣಿ ಬಲೆಯು ಒಂದು ಕಾಲದಲ್ಲಿ ಊರಿನ ಸಹಕಾರ ಸಂಸ್ಥೆಯಂತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಅದನ್ನು ಸುತ್ತುವರಿಯಲಾಯಿತು. ಕೆಲವೇ ವರ್ಷಗಳಲ್ಲಿ ರಂಪಣಿಯು ಮೂಲೆಗೆ ಸೇರಿತು. ಉತ್ಪತ್ತಿಯು ಹೆಚ್ಚಿತೆಂದು ಅಂಕೆಗಳು ಹೇಳಿದವು. ಪಾಲು ತಪ್ಪಿದವರ ಅಂಕೆಯನ್ನು ಯಾರೂ ಇಡಲಿಲ್ಲ.

ಹೀಗಾಗದಿರಬೇಕಾದರೆ ಗುತ್ತಿಗೆಗೆ ಮುಂಚೆ ನಕ್ಷೆಯಾಗಬೇಕು. ನಾರ್ವೆಯ ಸಹಕಾರದೊಡನೆ ಕೇಂದ್ರವು ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ ಕಡಲಿನ ಉಪಯೋಗವನ್ನು ಕ್ರಮಪಡಿಸುವ ಯೋಜನೆಯ ಪ್ರಯೋಗವನ್ನು ಕೈಗೊಂಡಿದೆ. ಕರ್ನಾಟಕಕ್ಕೂ ಅದು ಅಗತ್ಯ. ಯಾವ ಋತುವಿನಲ್ಲಿ ಎಲ್ಲಿ ಬಂಗುಡೆ ಬರುವುದು, ನಾಡದೋಣಿಯ ಹಾದಿ ಎಲ್ಲಿ, ಮರಿಯಿಡುವ ತಾಣವೆಲ್ಲಿ ಎಂಬುದನ್ನು ಮೀನುಗಾರರ ಬಾಯಿಂದಲೇ ಕೇಳಿ ಬರೆದ ನಕ್ಷೆ ಅದಾಗಬೇಕು. ಕಾಯುತ್ತಿರುವ ಕಡಲಿನಲ್ಲಿ ಮೀನು ಹಳೆಯ ಠಾವಿನಲ್ಲಿಯೇ ನಿಲ್ಲದಾದ್ದರಿಂದ ಆ ನಕ್ಷೆಯನ್ನು ಕೆಲವು ವರ್ಷಗಳಿಗೊಮ್ಮೆ ತಿದ್ದಬೇಕು. ಗುತ್ತಿಗೆಯ ಆದಾಯದಲ್ಲಿ ತೀರದ ಗ್ರಾಮಗಳಿಗೆ ನಿಶ್ಚಿತ ಪಾಲಿರಬೇಕು; ದೋಣಿಯ ಒಡೆಯನಿಗಷ್ಟೇ ಅಲ್ಲ, ಬಲೆ ಎಳೆಯುವ ಕೂಲಿಗೂ ಬುಟ್ಟಿ ಹೊರುವ ಹೆಂಗಸಿಗೂ ಅದು ಮುಟ್ಟಬೇಕು. ತೀರದಿಂದ 12 ನಾಟಿಕಲ್ ಮೈಲಿಗಳ ವರೆಗಿನ ಮೀನುಗಾರಿಕೆಯು ರಾಜ್ಯದ ಅಧೀನ, ಆಚೆಗಿನದು ಕೇಂದ್ರದ್ದು. ಅವರು ಮಾಡಲೆಂದು ಇವರು, ಇವರು ಮಾಡಲೆಂದು ಅವರು ಕುಳಿತರೆ ನಡುವೆ ಮುಳುಗುವವನು ಬಡವನೇ.

ಎಲ್ಲರನ್ನೂ ಕೇಳುತ್ತ ಕುಳಿತರೆ ಕಾರ್ಯವು ಸಾಗುವುದೆಂದು ಎನ್ನುವವರು ಇರಬಹುದೇ? ಇಲ್ಲ, ಸಾಗದೆಂದೇ ಕೆಲವರು ವಾದಿಸುವರು. ಅವರಿಗೂ ಪಾವಗಡವೇ ಉತ್ತರ. ಒಡೆಯರನ್ನು ಕೇಳಿ, ಒಪ್ಪಿಸಿ ಹೊರಟದ್ದರಿಂದಲೇ ಅಷ್ಟು ದೊಡ್ಡ ಸ್ಥಾವರವು ಕೆಲವೇ ವರ್ಷಗಳಲ್ಲಿ ಎದ್ದು ನಿಂತಿತು. ಒಪ್ಪಿಗೆಯು ವಿಳಂಬಕ್ಕೆ ಕಾರಣವಲ್ಲ. ಅದು ಕಾರ್ಯದ ಬುನಾದಿ. ಅಲ್ಲಿ ಆದ ಕೊರತೆಯು ಕೇಳಿದ್ದರಿಂದ ಆದುದಲ್ಲ, ಕೆಲವರನ್ನು ಮಾತ್ರ ಕೇಳಿದ್ದರಿಂದ ಆದದ್ದು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಶಾಸಕರಿಗೆ ನಮ್ಮದೊಂದು ವಿನಂತಿ. ಕಡಲ ವಿಷಯವು ವಿಧಾನಸಭೆಗೆ ಬಂದ ದಿನ, ಅದು ಕರಾವಳಿಯವರ ಪಾಡೆಂದು ಸುಮ್ಮನಿರಬಾರದು. ಬೇಲಿಯ ಹೊರಗೆ ಉಳಿಯುವುದೆಂದರೆ ಏನೆಂಬುದು ಈ ಸೀಮೆಗೆ ಗೊತ್ತಿದೆ. ಅದನ್ನು ಬಲ್ಲವರು ಎದ್ದು ಹೇಳುವುದು ಕರ್ತವ್ಯ. ಸರ್ಕಾರವು ಪಾವಗಡದಲ್ಲಿ ಬಿಟ್ಟವರನ್ನು ಈಗಲಾದರೂ ಲೆಕ್ಕಕ್ಕೆ ತರಲಿ. ಕಡಲಿನಲ್ಲಿ ಯಾರನ್ನೂ ಬಿಡದ ಲೆಕ್ಕವನ್ನು ಮೊದಲೇ ಬರೆಯಲಿ.