ಹಳೇ ಎರಿ ಬಿಸಾಡಬೇಡಿ, ಮೇಣಕ್ಕೆ ಕಲಬೆರಕೆ ಮಾಡಬೇಡಿ

ಜೇನು ಸಾಕುವವರೇ, ಕಪ್ಪಾದ ಎರಿಯನ್ನು ಪೆಟ್ಟಿಗೆ ಬುಡದಲ್ಲೇ ಬಿಸಾಡಬೇಡಿ ಮಾರಾಯ್ರೆ. ಮೇಣದ ಹುಳಕ್ಕೆ ನಾವೇ ಊಟ ಬಡಿಸಿದ ಹಾಗೆ. ಅದರಲ್ಲಿ ಕ್ಯಾಂಡಲ್ ಮಾಡಿ.

ಎರಿಯನ್ನು ಬಟ್ಟೆಯಲ್ಲಿ ಕಟ್ಟಿ, ಕಲ್ಲು ಹೇರಿ, ನೀರಲ್ಲಿ ಬಿಸಿ ಮಾಡಿ. ಮೇಣ 62-64 ಡಿಗ್ರಿಗೆ ಕರಗಿ ಮೇಲೆ ತೇಲ್ತದೆ, ಕಸ ಬಟ್ಟೆಯಲ್ಲೇ ಉಳೀತದೆ. ತಣಿದ ಮೇಲೆ ಬಿಲ್ಲೆ ತೆಗೆದು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನೇರ ಬೆಂಕಿಗೆ ಇಟ್ಟರೆ ಹೊತ್ತಿಕೊಳ್ತದೆ. ಅಡಿಗೆ ಮಣ್ಣು ಮೆತ್ತಿದ ಪಪ್ಪಾಯಿ ದಂಟೇ ಅಚ್ಚು, ನಡುವೆ ಹತ್ತಿ ನೂಲು.

ನನಗೆ ಎರಡು ಪೆಟ್ಟಿಗೆ ಎರಿಯಿಂದ ಸಿಕ್ಕಿದ್ದು ನಾಲ್ಕೇ ಕ್ಯಾಂಡಲ್. ಗುರ್ತದವರೊಬ್ಬರು, "ಅರ್ಧ ಪ್ಯಾರಾಫಿನ್ ಸೇರಿಸಿ, ಜನವರಿಯ ಅತ್ತೂರು ಜಾತ್ರೆಗೆ ಜೇನುಮೇಣದ್ದು ಅಂತ ಮಾರುವ" ಅಂದರು. ಸುಳ್ಳು ಯಾಕೆ, ನನಗೂ ಆಸೆ ಆಯ್ತು. ಆದರೆ ಪ್ಯಾರಾಫಿನ್ ಬರುವುದು ಪೆಟ್ರೋಲಿಯಂನಿಂದ. ಇವತ್ತು ಮೇಣದಲ್ಲಿ ಮೋಸ ಮಾಡಿದರೆ ನಾಳೆ ನಮ್ಮ ಜೇನುತುಪ್ಪವನ್ನು ಯಾರು ನಂಬ್ತಾರೆ? ಬೇಡ ಅಂದೆ.

"ವಿಷವಿಲ್ಲದ್ದು" ಅಂತ ಚೀಟಿ ಅಂಟಿಸುವುದೂ ಬೇಡ. ಯಾವ ಕ್ಯಾಂಡಲಾದರೂ ಸ್ವಲ್ಪ ಹೊಗೆ ಬಿಡ್ತದೆ. ನೂಲು ಗಿಡ್ಡ ಮಾಡಿ, ಕಿಟಕಿ ತೆರೆದಿಡಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಮನೆಗೆ ಆ ನಾಲ್ಕೇ ಸಾಕು.